ಸಿ ಡ್ರೈವ್‌ನಲ್ಲಿ ಗುರುತಿಲ್ಲದ ಫೋಲ್ಡರ್ ಕಂಡಿತಾ? ಡಿಲೀಟ್ ಒತ್ತುವ ಮೊದಲು ಇಷ್ಟು ನೋಡಿ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಅದರ ಆಸುಪಾಸಿನಲ್ಲಿ ನಮ್ಮ ತುಮಕೂರಿನಲ್ಲೂ ಎಷ್ಟೋ ಮನೆಯ ಕಂಪ್ಯೂಟರ್‌ಗಳು ವಿಂಡೋಸ್ 11ಕ್ಕೆ ಹೋದವು. ಆಮೇಲೆ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. "ಸಿ ಡ್ರೈವ್ ಕೆಂಪಗಾಗಿದೆ. ಒಳಗೆ ಡಾಲರ್ ಗುರುತು ಇರೋ ಏನೇನೋ ಫೋಲ್ಡರ್ ಬಂದಿವೆ. ವೈರಸ್ಸಾ? ತೆಗೆದುಬಿಡ್ಲಾ?"

ಬಹಳ ಸಲ ವೈರಸ್ ಅಲ್ಲ. ಆದರೆ ತೆಗೆದುಬಿಡಿ ಅಂತ ಫೋನಿನಲ್ಲಿ ನಾನು ಹೇಳುವುದೂ ಇಲ್ಲ. ಫೋಲ್ಡರ್‌ನ ಹೆಸರು ನೋಡಿ ಏನನ್ನೂ ತೀರ್ಮಾನ ಮಾಡಬಾರದು. ವಿಚಿತ್ರ ಹೆಸರಿನ ಫೋಲ್ಡರ್‌ಗಳು ಸಾಮಾನ್ಯವಾಗಿ ವಿಂಡೋಸ್‌ನವೇ. ಹೋದರೆ ಮತ್ತೆ ಬರದೇ ಇರುವ ಫೋಲ್ಡರ್ ಮಾತ್ರ ನೋಡಲು ಕಸದ ಹಾಗೆ ಇರುತ್ತದೆ.

ಮೊದಲು, ತೊಂದರೆ ಏನು?

ಜಾಗ ಖಾಲಿಯಾಗಿದೆಯೋ, ಕಂಪ್ಯೂಟರ್ ನಿಧಾನವಾಗಿದೆಯೋ, ಅಥವಾ ಎರಡೂ ಇಲ್ಲದೆ ಸುಮ್ನೆ ಫೋಲ್ಡರ್ ಕಣ್ಣಿಗೆ ಬಿತ್ತೋ? ಮೂರನೆಯದಾದರೆ ಸಾಮಾನ್ಯವಾಗಿ ಅದು ದೋಷವೇ ಅಲ್ಲ. ಯಾರೋ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಶೋ, ಹಿಡನ್ ಐಟಮ್ಸ್ ಆನ್ ಮಾಡಿರುತ್ತಾರೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗ ಇದ್ದರೆ ಅವನನ್ನೇ ಮೊದಲು ಕೇಳಿ. ಅದು ಆನ್ ಆದ ತಕ್ಷಣ ಪ್ರೋಗ್ರಾಮ್‌ಗಳು ತಮ್ಮ ಸೆಟ್ಟಿಂಗ್ ಎಲ್ಲ ಇಟ್ಟುಕೊಳ್ಳುವ ಪ್ರೋಗ್ರಾಮ್‌ಡೇಟಾ, ಆಪ್‌ಡೇಟಾ ಎಲ್ಲ ಎದ್ದು ಕಾಣುತ್ತವೆ. ಅವುಗಳ ಚಿತ್ರ ಸ್ವಲ್ಪ ಮಂಕಾಗಿರುತ್ತದೆ. ಮಂಕಾಗಿದ್ದರೆ ಅದು ಬಚ್ಚಿಟ್ಟ ಫೋಲ್ಡರ್ ಅಂತ ಅರ್ಥ, ಹೊಸದಾಗಿ ಬಂದದ್ದು ಅಂತ ಅಲ್ಲ. ಅವು ಮೊದಲಿನಿಂದಲೂ ಅಲ್ಲೇ ಇದ್ದವು.

ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್ ಅನ್ನುವ ಒಂದು ಇದೆ. ಕ್ಲಿಕ್ ಮಾಡಿದರೆ "ಆಕ್ಸೆಸ್ ಡಿನೈಡ್" ಅನ್ನುತ್ತದೆ. ನಮ್ಮದೇ ಕಂಪ್ಯೂಟರ್, ನಮಗೇ ಪ್ರವೇಶ ಇಲ್ವಾ ಅಂತ ಜನ ಸಿಟ್ಟಾಗುತ್ತಾರೆ. ಅದು ಫೋಲ್ಡರೇ ಅಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದ ಪ್ರೋಗ್ರಾಮ್‌ಗಳನ್ನು ಯೂಸರ್ಸ್ ಫೋಲ್ಡರ್‌ಗೆ ಕಳಿಸುವ ಒಂದು ಕೈಕಂಬ ಅಷ್ಟೆ. ಅದರ ಬೀಗ ಒಡೆಯಲು ಹೋಗಬೇಡಿ.

ಹುಟ್ಟಿದ ದಿನ, ಒಡೆಯ, ಸಹಿ

ನಿಜವಾಗಿಯೂ ಹೊಸ ಫೋಲ್ಡರ್ ಬಂದಿದೆ ಅನ್ನಿಸಿದರೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆಯಿರಿ. ಕ್ರಿಯೇಟೆಡ್ ಅಂತ ಒಂದು ತಾರೀಖು ಇರುತ್ತದೆ. ಅದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಈಗ ಸೆಟ್ಟಿಂಗ್ಸ್‌ಗೆ ಹೋಗಿ, ವಿಂಡೋಸ್ ಅಪ್‌ಡೇಟ್, ಅಪ್‌ಡೇಟ್ ಹಿಸ್ಟರಿ ನೋಡಿ. ಅದೇ ದಿನ ಅಪ್‌ಡೇಟ್ ಬಂದಿದ್ದರೆ ಅರ್ಧ ಉತ್ತರ ಸಿಕ್ಕ ಹಾಗೆ. ಇನ್‌ಸ್ಟಾಲ್ಡ್ ಆಪ್ಸ್ ಪಟ್ಟಿಯನ್ನೂ ತಾರೀಖಿನ ಪ್ರಕಾರ ಜೋಡಿಸಿ ನೋಡಿ. ಆ ದಿನ ಪ್ರಿಂಟರ್ ಡ್ರೈವರ್ ಹಾಕಿದ್ರಾ, ಆಟ ಇಳಿಸಿದ್ರಾ?

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಕ್ಯಾತ್ಸಂದ್ರದ ಒಂದು ಮನೆಯಲ್ಲಿ ಡಿ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಇತ್ತು. ಹೆಸರು ಅಂದರೆ ಅಕ್ಷರ, ಅಂಕಿ ಕಲಸಿದ ಒಂದು ಉದ್ದನೆ ಸಾಲು, ಯಾರೋ ಕೀಬೋರ್ಡ್ ಮೇಲೆ ಕೈ ಒರಗಿಸಿದ ಹಾಗೆ. ಒಳಗೆ ಎಂಆರ್‌ಟಿ ಸ್ಟಬ್ ಅನ್ನುವ ಒಂದೇ ಫೈಲ್. ಡಿಲೀಟ್ ಮಾಡಿದರೆ ಹೋಗುತ್ತಿಲ್ಲ. ಮನೆಯವರು ಇದು ಖಂಡಿತ ವೈರಸ್ ಅಂತ ಇಂಟರ್‌ನೆಟ್ ಕೇಬಲ್ ಕಿತ್ತು ಕೂತಿದ್ದರು. ಕ್ರಿಯೇಟೆಡ್ ತಾರೀಖು ನೋಡಿದರೆ ಒಂದು ಬುಧವಾರ. ಮೈಕ್ರೋಸಾಫ್ಟ್ ತಿಂಗಳ ಅಪ್‌ಡೇಟ್ ಬಿಡುವುದು ಎರಡನೇ ಮಂಗಳವಾರ. ಅಮೆರಿಕದ ಲೆಕ್ಕ, ನಮಗೆ ಅದು ಮಂಗಳವಾರ ರಾತ್ರಿ ಅಥವಾ ಬುಧವಾರ ಬಂದು ಮುಟ್ಟುತ್ತದೆ. ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಅನ್ನುವ ಟ್ಯಾಬ್ ಇತ್ತು, ಸಹಿ ಮೈಕ್ರೋಸಾಫ್ಟ್‌ನದು. ಅದು ವೈರಸ್ ಅಲ್ಲ, ವೈರಸ್ ತೆಗೆಯುವ ಮೈಕ್ರೋಸಾಫ್ಟ್‌ನದೇ ಟೂಲ್! ಅಪ್‌ಡೇಟ್ ಜೊತೆ ಬಂದು, ಜಾಸ್ತಿ ಜಾಗ ಇರುವ ಡ್ರೈವ್ ಹುಡುಕಿಕೊಂಡು ಅಲ್ಲಿ ತನ್ನ ಗಂಟು ಬಿಚ್ಚುತ್ತದೆ. ಕೆಲಸ ಮುಗಿದ ಮೇಲೆ ಒಮ್ಮೊಮ್ಮೆ ಕಟ್ಟಿಕೊಂಡು ಹೋಗಲು ಮರೆಯುತ್ತದೆ. ರೀಸ್ಟಾರ್ಟ್ ಮಾಡಿ, ಅಡ್ಮಿನ್ ಖಾತೆಯಿಂದ ಅಳಿಸಿದೆವು. ಹೋಯಿತು.

ಇಲ್ಲಿ ಮೂರು ಸಾಕ್ಷಿ ಸಿಕ್ಕಿತು: ತಾರೀಖು, ಜಾಗ, ಸಹಿ. ಒಡೆಯ ಯಾರು ಅಂತಲೂ ನೋಡಬಹುದು. ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್ ಒತ್ತಿದರೆ ಮೇಲ್ಗಡೆ ಓನರ್ ಅಂತ ಬರುತ್ತದೆ. ಅಲ್ಲಿ ಟ್ರಸ್ಟೆಡ್‌ಇನ್‌ಸ್ಟಾಲರ್ ಅಂತ ಇದ್ದರೆ ಅದು ವಿಂಡೋಸ್‌ನ ಸ್ವಂತ ಆಸ್ತಿ, ಕೈ ತೆಗೆಯಿರಿ. ತಾರೀಖಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರ. ಫೋಲ್ಡರನ್ನು ಬೇರೆ ಕಡೆಯಿಂದ ಕಾಪಿ ಮಾಡಿ ತಂದಿದ್ದರೆ ಕ್ರಿಯೇಟೆಡ್ ತಾರೀಖು ಕಾಪಿ ಮಾಡಿದ ದಿನದ್ದಾಗಿರುತ್ತದೆ.

ಜಾಗ ತಿಂದವರು ಯಾರು?

ಅದಕ್ಕೂ ಮುಂಚೆ ಒಂದು ಮಾತು. 256 ಜಿಬಿ ಎಸ್‌ಎಸ್‌ಡಿ ಅಂತ ತಂದಿರುತ್ತೀರಿ, ವಿಂಡೋಸ್ 238 ಅಂತ ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಲಿಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ ವ್ಯತ್ಯಾಸ.

ವಿಂಡೋಸ್ 11ಕ್ಕೆ ಹೋದ ಮೇಲೆ ಮೊದಲ ಅನುಮಾನ ವಿಂಡೋಸ್ ಡಾಟ್ ಓಲ್ಡ್ ಮೇಲೆ. ಹಳೆಯ ವಿಂಡೋಸ್ ಪೂರ್ತಿ ಅದರೊಳಗೆ ಕೂತಿರುತ್ತದೆ, ಹತ್ತಾರು ಜಿಬಿ. ಹೊಸದು ಹಿಡಿಸದಿದ್ದರೆ ವಾಪಸ್ ಹೋಗಲಿ ಅಂತ 10 ದಿನ ಇಟ್ಟುಕೊಂಡು, ಆಮೇಲೆ ತಾನೇ ತೆಗೆಯುತ್ತದೆ. ಅವಸರ ಇದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್‌ಗೆ ಹೋಗಿ. ಅಲ್ಲಿ ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಶನ್ ಅಂತ ಇರುವುದಕ್ಕೆ ಟಿಕ್ ಹಾಕಿ ತೆಗೆಯಿರಿ. ಡಾಲರ್ ಗುರುತಿನ ವಿಂಡೋಸ್ ಬಿಟಿ, ವಿಂಡೋಸ್ ಡಬ್ಲ್ಯುಎಸ್ ಫೋಲ್ಡರ್‌ಗಳೂ ಅದೇ ಅಪ್‌ಗ್ರೇಡ್‌ನ ಮಿಕ್ಕಿದ ಸರಕು. ಅವನ್ನೂ ಇದೇ ದಾರಿಯಲ್ಲಿ ಕಳಿಸಬಹುದು.

ಟಿಕ್ ಹಾಕುವ ಮೊದಲು ಆ ಓಲ್ಡ್ ಫೋಲ್ಡರ್‌ನೊಳಗೆ ಯೂಸರ್ಸ್, ಅದರೊಳಗೆ ನಿಮ್ಮ ಹೆಸರು, ಅದರಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ತೆರೆದು ನೋಡಿ. ಇದ್ದ ವಿಂಡೋಸ್ ಮೇಲೆ ಅಪ್‌ಗ್ರೇಡ್ ಮಾಡಿದ್ದರೆ ನಿಮ್ಮ ಫೈಲ್‌ಗಳು ಹೊಸ ಕಡೆಗೆ ಬಂದಿರುತ್ತವೆ. ಆದರೆ ರಿಪೇರಿಯವರು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಸಿ ಡ್ರೈವ್ ಫಾರ್ಮ್ಯಾಟ್ ಮಾಡದೆ ಅದರ ಮೇಲೇ ಹೊಸದು ಹಾಕಿದ್ದರೆ ನಿಮ್ಮ ಹಳೇ ಫೋಟೋಗಳು ಇರುವುದು ಆ ಫೋಲ್ಡರ್‌ನಲ್ಲಿ ಮಾತ್ರ. "ಫೋಟೋ ಎಲ್ಲ ಹೋಯ್ತು" ಅಂತ ಅಳುವ ಮನೆಗಳಲ್ಲಿ ನಾನು ಮೊದಲು ನೋಡುವ ಜಾಗವೇ ಅದು.

ಇನ್ನು ವಿಂಡೋಸ್ ಫೋಲ್ಡರ್‌ನೊಳಗಿನ ವಿನ್‌ಎಸ್‌ಎಕ್ಸ್‌ಎಸ್. ಪ್ರಾಪರ್ಟೀಸ್ ತೆಗೆದರೆ ಭಯ ಹುಟ್ಟಿಸುವಷ್ಟು ದೊಡ್ಡ ಅಂಕಿ ತೋರಿಸುತ್ತದೆ. ಆ ಅಂಕಿ ಪೂರ್ತಿ ನಂಬುವಂಥದ್ದಲ್ಲ. ವಿಂಡೋಸ್‌ನ ಎಲ್ಲ ಭಾಗಗಳನ್ನೂ ಇಡುವ ಉಗ್ರಾಣ ಇದು. ಸಿಸ್ಟಮ್32ನಲ್ಲಿ ಕಾಣುವ ಎಷ್ಟೋ ಫೈಲ್‌ಗಳು ಡಿಸ್ಕ್ ಮೇಲೆ ಇರುವುದು ಒಂದೇ ಕಡೆ, ಹೆಸರು ಮಾತ್ರ ಎರಡೂ ಕಡೆ. ಒಂದೇ ಮನೆಗೆ ಎರಡು ಬಾಗಿಲಿದ್ದರೆ, ಬಾಗಿಲು ಎಣಿಸಿ ಎರಡು ಮನೆ ಅಂದ ಹಾಗೆ ಎಕ್ಸ್‌ಪ್ಲೋರರ್ ಲೆಕ್ಕ ಹಾಕುತ್ತದೆ. ಹಾಗಾಗಿ ಇದರೊಳಗೆ ಕೈಯಿಂದ ಒಂದು ಫೈಲನ್ನೂ ಅಳಿಸಬೇಡಿ. ಮುಂದಿನ ಅಪ್‌ಡೇಟ್ ಕೈಕೊಡುತ್ತದೆ, ಕೆಲವು ಸಲ ವಿಂಡೋಸ್ ಏಳುವುದೇ ಇಲ್ಲ. ಡಿಸ್ಕ್ ಕ್ಲೀನಪ್ ತೆಗೆದು, ಕ್ಲೀನಪ್ ಸಿಸ್ಟಮ್ ಫೈಲ್ಸ್ ಒತ್ತಿ, ವಿಂಡೋಸ್ ಅಪ್‌ಡೇಟ್ ಕ್ಲೀನಪ್ ಆರಿಸಿ. ಅದು ತಾನೇ ಹಳೆಯದನ್ನು ನೋಡಿ ತೆಗೆಯುತ್ತದೆ. ಪಕ್ಕದ ಇನ್‌ಸ್ಟಾಲರ್ ಫೋಲ್ಡರ್‌ಗೂ ಇದೇ ಮಾತು. ಅದನ್ನು ಖಾಲಿ ಮಾಡಿದರೆ ಇವತ್ತು ಏನೂ ಆಗುವುದಿಲ್ಲ. ಮುಂದೆ ಯಾವತ್ತೋ ಆಫೀಸ್ ತೆಗೆಯಲು ಹೋದಾಗ ಮೂಲ ಫೈಲ್ ಎಲ್ಲಿ ಅಂತ ಕೇಳಿ ನಿಂತುಬಿಡುತ್ತದೆ.

ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಶನ್ ಜಾಗ ತಿನ್ನುವುದರಲ್ಲಿ ನಿಜವಾದ ಕಳ್ಳ, ಯಾಕೆಂದರೆ ಪ್ರಾಪರ್ಟೀಸ್‌ನಲ್ಲಿ ಸೊನ್ನೆ ಅಂತ ತೋರಿಸುತ್ತದೆ. ನಮಗೆ ಒಳಗೆ ನೋಡುವ ಅನುಮತಿ ಇಲ್ಲ. ರಿಸ್ಟೋರ್ ಪಾಯಿಂಟ್‌ಗಳು, ಅಂದರೆ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಹೋಗಲು ವಿಂಡೋಸ್ ತೆಗೆದಿಟ್ಟ ಪ್ರತಿಗಳು, ಇರುವುದು ಇಲ್ಲೇ. ಫೋಲ್ಡರ್ ಗಾತ್ರವನ್ನೆಲ್ಲ ಕೂಡಿಸಿದರೂ ಲೆಕ್ಕ ಕೂಡಿಬರದಿದ್ದರೆ ವಿಜ್‌ಟ್ರೀ ಥರದ ಟೂಲನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ. ಆಗ ಇದರ ನಿಜ ಗಾತ್ರ ಗೊತ್ತಾಗುತ್ತದೆ. ಜಾಸ್ತಿ ಇದ್ದರೆ ಸಿಸ್ಟಮ್ ಪ್ರೊಟೆಕ್ಷನ್‌ನಲ್ಲಿ ಕಾನ್ಫಿಗರ್ ಒತ್ತಿ ಮಿತಿ ಕಡಿಮೆ ಮಾಡಿ. ಪೂರ್ತಿ ಆಫ್ ಮಾಡಬೇಡಿ, ಕಷ್ಟಕಾಲಕ್ಕೆ ಅದೇ ದಿಕ್ಕು.

ಹೈಬರ್‌ಫಿಲ್ ಅನ್ನುವುದು ಫೋಲ್ಡರ್ ಅಲ್ಲ, ಒಂದೇ ದೊಡ್ಡ ಫೈಲ್. ಹೈಬರ್‌ನೇಟ್ ಮಾಡಿದಾಗ ತೆರೆದಿರುವ ಕೆಲಸವನ್ನೆಲ್ಲ ವಿಂಡೋಸ್ ಇದರಲ್ಲಿ ಬರೆದಿಡುತ್ತದೆ. ಸಾಮಾನ್ಯವಾಗಿ ರ‍್ಯಾಮ್‌ನ 40%ರಷ್ಟು ಇರುತ್ತದೆ, ಅಂದರೆ 8 ಜಿಬಿ ರ‍್ಯಾಮ್ ಇದ್ದರೆ ಸುಮಾರು 3 ಜಿಬಿ. ಲ್ಯಾಪ್‌ಟಾಪ್‌ನಲ್ಲಿ ಬಿಟ್ಟುಬಿಡಿ, ಕೆಲಸಕ್ಕೆ ಬರುತ್ತದೆ. ರ‍್ಯಾಮ್ ಸಾಲದಾದಾಗ ವಿಂಡೋಸ್ ಬಳಸುವ ಪೇಜ್‌ಫೈಲ್ ಅನ್ನೂ ಮುಟ್ಟಬೇಡಿ.

ಐನೆಟ್‌ಪಬ್: ಖಾಲಿ ಇದ್ದರೂ ಬಿಡಿ

2025ರ ಏಪ್ರಿಲ್ ಅಪ್‌ಡೇಟ್ ಆದ ಮೇಲೆ ಬಹಳ ಕಂಪ್ಯೂಟರ್‌ಗಳ ಸಿ ಡ್ರೈವ್‌ನಲ್ಲಿ ಐನೆಟ್‌ಪಬ್ ಅನ್ನುವ ಖಾಲಿ ಫೋಲ್ಡರ್ ಬಂತು. ಸಾಮಾನ್ಯವಾಗಿ ಅದು ವೆಬ್ ಸರ್ವರ್ ನಡೆಸುವವರ ಫೋಲ್ಡರ್. ಮನೆ ಕಂಪ್ಯೂಟರ್‌ನಲ್ಲಿ ಅದಕ್ಕೇನು ಕೆಲಸ? ಖಾಲಿ ಇದೆಯಲ್ಲ ಅಂತ ಜನ ಅಳಿಸಿದರು. ಆಮೇಲೆ ಮೈಕ್ರೋಸಾಫ್ಟ್, ಅದು ಒಂದು ಭದ್ರತಾ ದೋಷ ಮುಚ್ಚಲು ಹಾಕಿದ್ದು, ಅಳಿಸಬೇಡಿ ಅಂತ ಹೇಳಿತು. ಮೊದಲೇ ಹೇಳಿದ್ದರೆ ಏನಾಗುತ್ತಿತ್ತೋ! ಅಳಿಸಿದ್ದರೆ ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್ ತೆಗೆದು ಇಂಟರ್‌ನೆಟ್ ಇನ್ಫರ್ಮೇಶನ್ ಸರ್ವಿಸಸ್‌ಗೆ ಟಿಕ್ ಹಾಕಿ. ಫೋಲ್ಡರ್ ಸರಿಯಾದ ಅನುಮತಿಗಳ ಜೊತೆ ಮತ್ತೆ ಬರುತ್ತದೆ. ಆಮೇಲೆ ಆ ಟಿಕ್ ತೆಗೆಯಬಹುದು. ನ್ಯೂ ಫೋಲ್ಡರ್ ಮಾಡಿ ಅದೇ ಹೆಸರಿಟ್ಟರೆ ಅನುಮತಿಗಳು ಸರಿಯಿರುವುದಿಲ್ಲ.

ಫೌಂಡ್ ಸೊನ್ನೆ ಸೊನ್ನೆ ಸೊನ್ನೆ: ಇದು ರೋಗಲಕ್ಷಣ

ನನಗೆ ಯೋಚನೆ ಹತ್ತುವುದು ಈ ಫೋಲ್ಡರ್ ಕಂಡಾಗ. ಫೌಂಡ್, ಚುಕ್ಕಿ, ಮೂರು ಸೊನ್ನೆ. ಒಳಗೆ ಸಿಎಚ್‌ಕೆ ಅನ್ನುವ ಬಾಲ ಇರುವ ಫೈಲ್‌ಗಳು. ಇದು ವೈರಸ್ ಅಲ್ಲ. ಡಿಸ್ಕ್‌ನ ದೋಷ ಹುಡುಕಿ ಸರಿಮಾಡುವ ವಿಂಡೋಸ್‌ನ ಚೆಕ್ ಡಿಸ್ಕ್ ಓಡಿದಾಗ ಯಾವ ಫೈಲ್‌ಗೆ ಸೇರಿದ್ದು ಅಂತ ಗೊತ್ತಾಗದ ಚೂರುಗಳನ್ನು ಎತ್ತಿಟ್ಟ ಜಾಗ. ಅಂದರೆ ಡಿಸ್ಕ್ ಮೇಲಿನ ಲೆಕ್ಕಪತ್ರ ಯಾವಾಗಲೋ ಕೆಟ್ಟಿತ್ತು ಅಂತ.

ಕೆಡಲು ಕಾರಣ ಹೆಚ್ಚಾಗಿ ಎರಡು. ಬರೆಯುತ್ತಿರುವಾಗಲೇ ಕರೆಂಟ್ ಹೋಗುವುದು ಒಂದು. ಏಪ್ರಿಲ್, ಮೇ ತಿಂಗಳ ಸಂಜೆ ಗಾಳಿಮಳೆ ಶುರುವಾದರೆ ಕರೆಂಟ್ ಹೋಗಿ ಬಂದು ಆಡುತ್ತದೆ, ನಮ್ಮ ಕಡೆಯವರಿಗೆ ಹೇಳಬೇಕಾ? ಇನ್ನೊಂದು, ಡಿಸ್ಕ್ ಸಾಯುತ್ತಿರುವುದು. ಎರಡನ್ನೂ ಬೇರ್ಪಡಿಸುವುದು ಸುಲಭ. ಒಂದೇ ಫೌಂಡ್ ಫೋಲ್ಡರ್ ಇದ್ದು, ಅದರ ತಾರೀಖು ಗಾಳಿಮಳೆ ಬಂದ ಸಂಜೆಗೋ ಮರುದಿನಕ್ಕೋ ಹೊಂದಿದರೆ ಕರೆಂಟ್‌ನದೇ ಕೆಲಸ. ಒಂದು ಯುಪಿಎಸ್ ಇಡಿ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಅನ್ನಬೇಡಿ, ಕೆಲವು ಇನ್ವರ್ಟರ್‌ಗಳು ಬದಲಾಗುವಷ್ಟರಲ್ಲಿ ಡೆಸ್ಕ್‌ಟಾಪ್ ಆರಿಹೋಗಿರುತ್ತದೆ. ಇನ್ವರ್ಟರ್ ಮೇಲೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದಕ್ಕೆ ಹಾಕಿ ನೋಡಿ.

001, 002 ಅಂತ ಸಂಖ್ಯೆ ಬೆಳೆಯುತ್ತಾ ಹೋಗಿದ್ದರೆ, ಕರೆಂಟ್ ಹೋಗದ ದಿನಗಳಲ್ಲೂ ಹುಟ್ಟಿದ್ದರೆ, ಉಳಿದದ್ದೆಲ್ಲ ಬಿಟ್ಟು ಮೊದಲು ಬ್ಯಾಕಪ್ ತೆಗೆಯಿರಿ. ಆಮೇಲೆ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ. ನೀಲಿಯಲ್ಲಿ ಗುಡ್ ಅಂದರೆ ಸದ್ಯಕ್ಕೆ ಪರವಾಗಿಲ್ಲ. ಹಳದಿಯಲ್ಲಿ ಕಾಶನ್ ಅಂದು, ರೀಅಲೊಕೇಟೆಡ್ ಅಥವಾ ಪೆಂಡಿಂಗ್ ಸೆಕ್ಟರ್ (ಡಿಸ್ಕ್ ಮೇಲೆ ಕೆಟ್ಟ, ಕೆಡುತ್ತಿರುವ ಜಾಗಗಳ ಎಣಿಕೆ) ಸಾಲಿನಲ್ಲಿ ಅಂಕಿ ಏರುತ್ತಿದ್ದರೆ ಹೊಸ ಡಿಸ್ಕ್‌ಗೆ ದುಡ್ಡು ಹೊಂದಿಸಿ. ಮತ್ತೆ ಮತ್ತೆ ಚೆಕ್ ಡಿಸ್ಕ್ ಓಡಿಸಿ ಸಾಯುವ ಡಿಸ್ಕನ್ನು ದಣಿಸಬೇಡಿ. ಫೌಂಡ್ ಫೋಲ್ಡರ್‌ನ ಚೂರುಗಳಲ್ಲಿ ಬೇಕಾದ್ದೇನಾದರೂ ಸಿಗುತ್ತದಾ ಅಂದರೆ, ಅಪರೂಪಕ್ಕೆ ಒಂದು ಫೋಟೋ. ಎಲ್ಲ ಬ್ಯಾಕಪ್ ಆಗಿದ್ದರೆ ಅಳಿಸಿ.

ನಿಜವಾಗಿಯೂ ಹೆದರಬೇಕಾದವು

ಕಾಲೇಜಿನ ಅಸೈನ್‌ಮೆಂಟ್ ಪ್ರಿಂಟ್ ಹಾಕಿಸಲು ಪೆನ್‌ಡ್ರೈವ್ ಜೆರಾಕ್ಸ್ ಅಂಗಡಿಗೆ ಹೋಗಿ ಬರುತ್ತದೆ. ಮನೆಗೆ ಬಂದು ಹಾಕಿದರೆ ಎಲ್ಲ ಫೋಲ್ಡರೂ ಬಾಣದ ಗುರುತಿನ ಶಾರ್ಟ್‌ಕಟ್ ಆಗಿವೆ, ಒಂದೊಂದೂ ಬರೀ ಒಂದೆರಡು ಕೆಬಿ. ಕ್ಲಿಕ್ ಮಾಡಬೇಡಿ. ಮಾಡಿದರೆ ಫೋಲ್ಡರ್ ತೆರೆಯುತ್ತದೆ, ಜೊತೆಗೆ ವೈರಸ್ಸೂ ಓಡುತ್ತದೆ. ನಿಮ್ಮ ಫೈಲ್‌ಗಳು ಎಲ್ಲೂ ಹೋಗಿಲ್ಲ, ಅಲ್ಲೇ ಬಚ್ಚಿಟ್ಟಿದೆ. ಮೊದಲು ವಿಂಡೋಸ್ ಸೆಕ್ಯುರಿಟಿಯಲ್ಲಿ ಪೆನ್‌ಡ್ರೈವ್ ಸ್ಕ್ಯಾನ್ ಮಾಡಿ. ಆಮೇಲೆ ಹಿಡನ್ ಐಟಮ್ಸ್ ಆನ್ ಮಾಡಿ, ಫೋಲ್ಡರ್ ಆಪ್ಷನ್ಸ್‌ನಲ್ಲಿ ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್‌ನ ಟಿಕ್ ತೆಗೆಯಿರಿ. ಫೈಲ್‌ಗಳು ಕಾಣುತ್ತವೆ. ಬೇಕಾದ್ದನ್ನು ಕಾಪಿ ಮಾಡಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ಟಿಕ್ ಮತ್ತೆ ಹಾಕಿ. ಪೆನ್‌ಡ್ರೈವ್‌ನಲ್ಲಿ ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಶನ್ ಕಂಡರೆ ಅದು ಸಹಜ, ವಿಂಡೋಸೇ ಮಾಡುತ್ತದೆ. ರಿಸೈಕ್ಲರ್ ಅನ್ನುವ ಹಳೇ ಹೆಸರು ಕಂಡರೆ ಅನುಮಾನಿಸಿ. ಅದು ಎಕ್ಸ್‌ಪಿ ಕಾಲದ್ದು, ಈಗಿನ ವಿಂಡೋಸ್ ಬಳಸುವುದು ಡಾಲರ್ ಗುರುತಿನ ರಿಸೈಕಲ್ ಬಿನ್.

ವಿಂಡೋಸ್ ಫೋಲ್ಡರ್‌ನಲ್ಲಿ ಆಟೋಕೆಎಂಎಸ್ ಇದ್ದರೆ ನಿಮಗೆ ವಿಂಡೋಸನ್ನೋ ಆಫೀಸನ್ನೋ ಕದ್ದು ಹಾಕಿಕೊಟ್ಟಿದ್ದಾರೆ ಅಂತ ಅರ್ಥ. ಆಂಟಿವೈರಸ್ ಅದನ್ನು ಹಿಡಿಯುತ್ತದೆ ಅಂತ ಕೆಲವರು ಆಂಟಿವೈರಸ್ಸನ್ನೇ ಆಫ್ ಮಾಡಿ ಹೋಗಿರುತ್ತಾರೆ. ಅದನ್ನು ಆನ್ ಮಾಡಿ, ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಓಡಿಸಿ.

ಸಿ ಡ್ರೈವ್‌ನಲ್ಲಿ ಸಿಸ್ಟಮ್‌ಐಡಿ ಅನ್ನುವ ಫೋಲ್ಡರ್, ಒಳಗೆ ಪರ್ಸನಲ್‌ಐಡಿ ಅನ್ನುವ ಟೆಕ್ಸ್ಟ್ ಫೈಲ್ ಇದ್ದರೆ ಹೆಸರು ಕೇಳಿ ಮೋಸ ಹೋಗಬೇಡಿ. ವಿಂಡೋಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಸ್ಟಾಪ್ ಅಥವಾ ಡಿಜೆವು ಅನ್ನುವ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಿಟ್ಟುಹೋಗುವ ಗುರುತು ಅದು. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಇಳಿಸುವವರಿಗೆ ಹೆಚ್ಚಾಗಿ ಅಂಟುತ್ತದೆ. ಫೋಟೋಗಳ ಹೆಸರಿನ ಕೊನೆಗೆ ಹೊಸ ಬಾಲ ಬಂದಿದೆಯಾ, ದುಡ್ಡು ಕೇಳುವ ರೀಡ್‌ಮೀ ಫೈಲ್ ಇದೆಯಾ ನೋಡಿ. ಇದ್ದರೆ ನೆಟ್ ಕಿತ್ತು, ಬ್ಯಾಕಪ್ ಡಿಸ್ಕನ್ನು ಅದಕ್ಕೆ ಹತ್ತಿರವೂ ತರಬೇಡಿ. ಆ ಐಡಿ ಫೈಲನ್ನು ಅಳಿಸಲೂ ಬೇಡಿ, ಬಿಡಿಸುವ ದಾರಿ ಸಿಕ್ಕರೆ ಅದೇ ಬೇಕಾಗುತ್ತದೆ.

ಇನ್ನು ಹೆಸರು ಕದಿಯುವ ಕಳ್ಳರು. ಎಸ್‌ವಿಸಿ ಹೋಸ್ಟ್ ಅನ್ನುವ ಪ್ರೋಗ್ರಾಮ್ ವಿಂಡೋಸ್‌ಗೆ ಬೇಕೇಬೇಕು. ಅದರ ಮನೆ ಸಿಸ್ಟಮ್32, ಇಲ್ಲವೇ ಸಿಸ್‌ವೌ64. ಅದೇ ಹೆಸರು ಆಪ್‌ಡೇಟಾದಲ್ಲೋ ಡೌನ್‌ಲೋಡ್ಸ್‌ನಲ್ಲೋ ಓಡುತ್ತಿದ್ದರೆ ವೇಷಧಾರಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಶನ್ ಒತ್ತಿದರೆ ಎಲ್ಲಿಂದ ಓಡುತ್ತಿದೆ ಅಂತ ಗೊತ್ತಾಗುತ್ತದೆ. ಅಂದ ಹಾಗೆ, 64 ಅಂತ ಹೆಸರಿರುವ ಆ ಫೋಲ್ಡರ್‌ನಲ್ಲಿ ಇರುವುದು 32 ಬಿಟ್‌ನ ಫೈಲ್‌ಗಳು, 32 ಅಂತ ಇರುವುದರಲ್ಲಿ 64 ಬಿಟ್‌ನವು. ಇದನ್ನು ನೋಡಿದ ಮೇಲೂ ಹೆಸರು ನಂಬುತ್ತೀರಾ?

ಕಸದ ಹಾಗೆ ಕಾಣುವ ಚಿನ್ನ

ತಿಪಟೂರಿನ ಕೊಬ್ಬರಿ, ಗುಬ್ಬಿಯ ಅಡಿಕೆ ವ್ಯಾಪಾರ ಮಾಡುವ ಎಷ್ಟೋ ಮನೆಗಳಲ್ಲಿ ಅಂಗಡಿಯ ಲೆಕ್ಕ ಇರುವುದು ಮನೆಯ ಕಂಪ್ಯೂಟರ್‌ನಲ್ಲೇ. ಮಕ್ಕಳು ಆಟ ಆಡುವುದೂ ಅದರಲ್ಲೇ. ಲೆಕ್ಕ ಇಡುವ ಟ್ಯಾಲಿ ಸಾಫ್ಟ್‌ವೇರ್ ಪ್ರತಿ ಕಂಪನಿಯ ಲೆಕ್ಕಕ್ಕೂ ಒಂದೊಂದು ಫೋಲ್ಡರ್ ಮಾಡುತ್ತದೆ. ಅದರ ಹೆಸರಿನಲ್ಲಿ ಅಂಗಡಿಯ ಹೆಸರಿಲ್ಲ, ವರ್ಷ ಇಲ್ಲ. ಬರೀ 10000, 10001 ಥರದ ಅಂಕಿ. ತೆರೆದರೆ ಒಳಗಿನ ಫೈಲ್‌ಗಳಿಗೆ ಡಾಟ್ 900 ಥರದ ಬಾಲ, ಡಬಲ್ ಕ್ಲಿಕ್ ಮಾಡಿದರೆ ಏನೂ ತೆರೆಯುವುದಿಲ್ಲ. ಜಾಗ ಮಾಡಲು ಹೊರಟ ಹುಡುಗನ ಕಣ್ಣಿಗೆ ಇದಕ್ಕಿಂತ ಕಸ ಇನ್ನೊಂದಿಲ್ಲ. ವಿಂಡೋಸ್ ಕೂಡ ತಡೆಯುವುದಿಲ್ಲ. ತನ್ನ ಫೋಲ್ಡರ್‌ಗೆ ಅಷ್ಟೊಂದು ಬೀಗ ಹಾಕಿಕೊಂಡಿರುವ ವಿಂಡೋಸ್‌ಗೆ ನಿಮ್ಮ ಲೆಕ್ಕ ಯಾವ ಲೆಕ್ಕ?

ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನ್‌ನ ಕೊನೆ ದಿನದಿಂದ 72 ತಿಂಗಳು ಇಟ್ಟಿರಬೇಕು. ಹಾಗಾಗಿ ಹಳೇ ವರ್ಷದ್ದು ಅಂತ ಅಳಿಸುವ ಹಾಗೂ ಇಲ್ಲ. ಅಂಕಿ ಹೆಸರಿನ ಫೋಲ್ಡರ್ ಕಂಡರೆ ಟ್ಯಾಲಿ ತೆರೆದು ಕಂಪನಿ ಆರಿಸುವ ಪಟ್ಟಿ ನೋಡಿ, ಕಂಪನಿ ಹೆಸರಿನ ಪಕ್ಕ ಅದೇ ಅಂಕಿ ಇರುತ್ತದೆ.

ಆಪ್‌ಡೇಟಾವೂ ಹೀಗೇ. ಗಾತ್ರ ನೋಡಿ ಪೂರ್ತಿ ಅಳಿಸಿದರೆ ಕ್ರೋಮ್‌ನ ಬುಕ್‌ಮಾರ್ಕ್, ಉಳಿಸಿದ ಪಾಸ್‌ವರ್ಡ್ ಎಲ್ಲ ಹೋಗುತ್ತವೆ. ಅದರೊಳಗೆ ಲೋಕಲ್, ಟೆಂಪ್ ಇದೆಯಲ್ಲ, ಅದನ್ನು ಮಾತ್ರ ಖಾಲಿ ಮಾಡಬಹುದು. ಫಾಂಟ್ಸ್ ಫೋಲ್ಡರ್‌ನಲ್ಲಿ ನುಡಿ 01 ಇ ಥರದ ಹಳೇ ಫಾಂಟ್‌ಗಳಿದ್ದರೆ ಅವನ್ನೂ ಬಿಡಿ. ಯೂನಿಕೋಡ್ ಬರುವ ಮೊದಲು ಟೈಪ್ ಮಾಡಿದ ಕನ್ನಡ ಪತ್ರಗಳು ಆ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ.

ಗೊತ್ತಾಗದ ಫೋಲ್ಡರ್ ವಿಂಡೋಸ್‌ನದಲ್ಲ ಅಂತ ಖಾತ್ರಿಯಾಗಿ, ಯಾರದ್ದು ಅಂತ ಮಾತ್ರ ತಿಳಿಯದಿದ್ದರೆ ಅಳಿಸುವ ಬದಲು ಹೆಸರು ಬದಲಿಸಿ. ಕೊನೆಗೆ ಹಳೇದು ಅಂತ ಸೇರಿಸಿ ತಿಂಗಳು ಬಿಡಿ. ಯಾವುದಾದರೂ ಪ್ರೋಗ್ರಾಮ್ ಅಳುತ್ತಾ ಬಂದರೆ ಒಡೆಯ ಸಿಕ್ಕ.

ಈಗಾಗಲೇ ಅಳಿಸಿಬಿಟ್ಟಿದ್ದರೆ

ರಿಸೈಕಲ್ ಬಿನ್ ನೋಡಿ. ಅಲ್ಲಿದ್ದರೆ ರಿಸ್ಟೋರ್ ಒತ್ತಿ, ಮುಗಿಯಿತು. ವಿಂಡೋಸ್‌ನ ಫೈಲ್ ಹೋಗಿ ಏನೋ ಕೆಟ್ಟಿದ್ದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಸ್‌ಎಫ್‌ಸಿ, ಒಂದು ಸ್ಪೇಸ್, ಸ್ಲಾಶ್, ಸ್ಕ್ಯಾನ್‌ನೌ ಅಂತ ಹೊಡೆಯಿರಿ. ಅದು ವಿನ್‌ಎಸ್‌ಎಕ್ಸ್‌ಎಸ್ ಉಗ್ರಾಣದಿಂದಲೇ ಒಳ್ಳೆಯ ಪ್ರತಿ ತಂದು ಹಾಕುತ್ತದೆ. ಆಗಲಿಲ್ಲ ಅಂದರೆ ಸಿಸ್ಟಮ್ ರಿಸ್ಟೋರ್‌ನಲ್ಲಿ ಹಿಂದಿನ ತಾರೀಖಿಗೆ ಹೋಗಿ.

ನಿಮ್ಮದೇ ಫೋಲ್ಡರ್ ಶಿಫ್ಟ್ ಡಿಲೀಟ್ ಆಗಿದ್ದರೆ ಡ್ರೈವ್ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಹಳೇ ಹಾರ್ಡ್ ಡಿಸ್ಕ್ ಆಗಿದ್ದರೆ ಆ ಕ್ಷಣವೇ ಬಳಸುವುದು ನಿಲ್ಲಿಸಿ. ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರ್‌ಗೆ ಜೋಡಿಸಿ, ಅಲ್ಲಿಂದ ಅಳಿಸಿದ ಫೈಲ್ ಹುಡುಕಿಕೊಡುವ ರೆಕುವಾ ಥರದ ಟೂಲ್ ಓಡಿಸಿ. ಅದೇ ಡಿಸ್ಕ್ ಮೇಲೆ ರೆಕುವಾ ಇನ್‌ಸ್ಟಾಲ್ ಮಾಡಿದರೆ, ಹುಡುಕುತ್ತಿರುವ ಫೈಲ್ ಮೇಲೆಯೇ ಅದು ಬಂದು ಕೂರಬಹುದು. ಎಸ್‌ಎಸ್‌ಡಿ ಆದರೆ ಅಳಿಸಿದ ಜಾಗವನ್ನು ಟ್ರಿಮ್ ಅನ್ನುವ ವ್ಯವಸ್ಥೆ ಬೇಗನೆ ಗುಡಿಸಿಬಿಡುತ್ತದೆ, ಸಿಗುವುದು ಬಹಳ ಕಷ್ಟ. ಆಗ ನಿಮ್ಮ ಆಡಿಟರ್‌ಗೆ ಫೋನ್ ಮಾಡಿ. ರಿಟರ್ನ್ ತುಂಬಲು ಕಳಿಸಿದ ಟ್ಯಾಲಿ ಬ್ಯಾಕಪ್ ಅವರ ಹತ್ತಿರ ಉಳಿದಿರುವ ಸಾಧ್ಯತೆ ಇದೆ.